ಮಡಗಾಸ್ಕರಲ್ಲಿ ಸಿಂಹ ಇಲ್ಲ: ಸಂಪಾದಕರ ಉತ್ತರ

ಹಾಸನದಿಂದ ಕಾಗದ ಬರೆದಿರೋ ಓದುಗರೇ, ಹೋದ ಸಂಚಿಕೆಯ ಮಡಗಾಸ್ಕರ್ ಲೇಖನ ಓದಿ ಎರಡು ಪ್ರಶ್ನೆ ಕೇಳಿದೀರಿ. ಫ್ಯಾಮಿಲಿ ಸಮೇತ ಹೋದ್ರೆ ಮಕ್ಕಳಿಗೆ ಸಿಂಹ, ಜಿರಾಫೆ ಕಾಣುತ್ತಾ ಅನ್ನೋದು ಒಂದು, ಹೂತ ಹೆಣ ಆಚೆ ತೆಗೆದು ಕುಣಿಯೋರ ಮೂಢನಂಬಿಕೆಗೆ ಎರಡು ಪೇಜ್ ಯಾಕೆ ದಂಡ ಮಾಡಿದ್ರಿ ಅನ್ನೋದು ಇನ್ನೊಂದು.

ಮೊದಲನೇದಕ್ಕೆ ಉತ್ತರ, ಕಾಣಲ್ಲ. ಸಿಂಹ ಆನೆ ಹಾಗಿರ್ಲಿ, ಕಾಡಲ್ಲಿ ಒಂದು ಕೋತಿನೂ ಇಲ್ಲ ಅಲ್ಲಿ. ಆಫ್ರಿಕಾದ ಪಕ್ಕದಲ್ಲೇ ಇದ್ರೂ ಆ ನೆಲ ಕೋಟ್ಯಂತರ ವರ್ಷದಿಂದ ಬೇರೆ. ಕೊನೇಗೆ ಕಳಚಿಕೊಂಡಿದ್ದು ನಮ್ಮ ಇಂಡಿಯಾ ಕಡೆಯಿಂದಾನೇ, ಸುಮಾರು 8.8 ಕೋಟಿ ವರ್ಷದ ಹಿಂದೆ, ಆ ಕಾಲದಲ್ಲಿ ಉಕ್ಕಿದ ಲಾವಾನೇ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿರೋದು. ಮಕ್ಕಳಿಗೆ ಅದನ್ನ ಮೊದಲು ತೋರ್ಸಿ, ಖರ್ಚೂ ಕಮ್ಮಿ.

ಅಲ್ಲಿರೋದು ಕೋತಿಗೆ ದೂರದ ನೆಂಟ ಆದ ಲೆಮೂರ್, 100ಕ್ಕೂ ಹೆಚ್ಚು ಜಾತಿ. ರಾಜಧಾನಿ ಅಂಟಾನನರಿವೋದಿಂದ ಪೂರ್ವಕ್ಕೆ ಆಂಡಸಿಬೆ ಕಾಡಿದೆ, ಅಲ್ಲಿ ಬೆಳಿಗ್ಗೆ ಇಂಡ್ರಿ ಅನ್ನೋ ದೊಡ್ಡ ಲೆಮೂರ್‌ಗಳು ಸಂಸಾರ ಸಮೇತ ದನಿ ಎತ್ತಿದ್ರೆ ಕಿಲೋಮೀಟರ್‌ಗಟ್ಟಲೆ ಕೇಳುತ್ತೆ, ಝೂನಲ್ಲಿ ಇಟ್ರೆ ಬದುಕಲ್ಲ, ಹಾಗಾಗಿ ಅಲ್ಲಿಗೇ ಹೋಗ್ಬೇಕು.

ಈಗ ನಿಮ್ಮ ಮೂಢನಂಬಿಕೆ ವಿಷಯ. ಇಂಡ್ರಿಯನ್ನ ಕೊಲ್ಲಬಾರದು, ಅದು ನಮ್ಮ ಪೂರ್ವಜರ ನೆಂಟ ಅಂತ ಎಷ್ಟೋ ಹಳ್ಳೀಲಿ ಹಿರಿಯರ ಕಟ್ಟಳೆ ಇದೆ, ಫಾಡಿ ಅಂತಾರೆ. ಫಾರೆಸ್ಟ್ ಗಾರ್ಡ್ ಇಲ್ಲದ ಕಡೆ ಅಷ್ಟೋ ಇಷ್ಟೋ ಉಳಿಸಿರೋದು ಅದೇ. ಆದ್ರೆ ಅದೇ ಫಾಡಿ ಆಯ್-ಆಯ್ ಅನ್ನೋ ಪಾಪದ ಪ್ರಾಣಿಗೆ ಯಮ. ಕಡ್ಡಿ ಥರದ ಒಂದು ಮಧ್ಯದ ಬೆರಳಿಂದ ರಾತ್ರಿಯೆಲ್ಲ ಕೊಂಬೆ ತಟ್ತಾ, ಟೊಳ್ಳು ಎಲ್ಲಿ ಅಂತ ಕಿವಿ ಕೊಟ್ಟು ಕೇಳಿ, ಹಲ್ಲಿಂದ ಕೊರೆದು ಹುಳ ಎಳೆದು ತಿನ್ನುತ್ತೆ, ಯಾರ ತಂಟೆಗೂ ಹೋಗಲ್ಲ, ಆದ್ರೂ ಕಂಡ್ರೆ ಸಾವು ಅಂತ ಕೆಲವು ಕಡೆ ಹೊಡೆದು ಹಾಕ್ತಾರೆ. ಇದನ್ನ ನಾನು ಸಮರ್ಥಿಸಲ್ಲ.

ಹೆಣ ತೆಗೆಯೋ ಫಮದಿಹಾನ ಬೇರೆ ಮಾತು. ನಡುಬೆಟ್ಟದ ಮೆರೀನಾ, ಬೆಟ್ಸಿಲಿಯೊ ಜನ ಕೆಲವು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ, ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗೋರಿ ತೆಗೆದು ಅಸ್ಥಿಗೆ ಹೊಸ ರೇಷ್ಮೆ ಸುತ್ತಿ, ಬ್ಯಾಂಡ್ ಕರೆಸಿ, ಮನೇಲಿ ಹುಟ್ಟಿದ ಮಗು, ಆದ ಮದುವೆ ಎಲ್ಲ ಆ ಸತ್ತ ಹಿರಿಯರಿಗೆ ಹೇಳ್ತಾರೆ. ನಾವು ಮಹಾಲಯಕ್ಕೆ ಎಡೆ ಇಟ್ಟು ಹಿರಿಯರು ಬರ್ಲಿ ಅಂತ ಬಾಗಿಲು ಮುಚ್ಚಿ ಕಾಯೋದಿಲ್ವಾ ಸ್ವಾಮಿ? ಖರ್ಚು ಮಾತ್ರ ವಿಪರೀತ, ವರ್ಷಗಟ್ಟಲೆ ಕೂಡಿಡ್ತಾರೆ, ಅದನ್ನ ಬೈದ್ರೆ ನಾನೂ ಜೊತೆಗಿದೀನಿ.

ಹೋಗೋದಾದ್ರೆ ಜನವರಿಯಿಂದ ಮಾರ್ಚ್ ಬಿಟ್ಬಿಡಿ, ಚಂಡಮಾರುತದ ಕಾಲ. ಪಶ್ಚಿಮ ತೀರದ ಮೊರೊಂಡಾವ ಊರಿನ ಹತ್ರ ದಪ್ಪ ಕಾಂಡದ ಬಾವೋಬಾಬ್ ಮರದ ಸಾಲು ಸಂಜೆಗೆ ಇಟ್ಕೊಳ್ಳಿ. ಕರೆಯದೇ ಫಮದಿಹಾನಕ್ಕೆ ಕ್ಯಾಮೆರಾ ಹಿಡ್ಕೊಂಡು ನುಗ್ಗಬೇಡಿ, ಊರಿನ ಗೈಡ್ ಕೇಳಿ ಹೂಂ ಅಂದ್ರೆ ಮಾತ್ರ ಹೋಗಿ.