ತನ್ನದೇ ಟಾರ್ಪಿಡೊಗೆ ಮುಳುಗಿದ ಸಬ್‌ಮರೀನ್, ಕಮಾಂಡರ್‌ಗೆ ಅತಿ ದೊಡ್ಡ ಪದಕ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ‘ಟ್ಯಾಂಗ್’ ಸಬ್‌ಮರೀನ್ ತಾನೇ ಬಿಟ್ಟ ಟಾರ್ಪಿಡೊ (ನೀರೊಳಗೆ ಓಡಿ ಹಡಗಿಗೆ ಬಡಿಯುವ ಬಾಂಬ್) ತಗುಲಿ ಮುಳುಗಿತಂತೆ. ಆದರೂ ಅದರ ಕಮಾಂಡರ್ ರಿಚರ್ಡ್ ಓಕೇನ್‌ಗೆ ಅಲ್ಲಿನ ಅತಿ ದೊಡ್ಡ ಸೇನಾ ಪದಕವಾದ ಮೆಡಲ್ ಆಫ್ ಆನರ್ ಕೊಟ್ಟರಂತೆ. ಹಡಗು ಕಳೆದುಕೊಂಡವರಿಗೆ ಪದಕ ಯಾಕೆ ಸಾರ್?

ನೀವು ಕೇಳಿದ್ದು ನಿಜ, ಎರಡೂ ನಡೆದಿವೆ. ಆದರೆ ಆ ಪದಕದ ಲೆಕ್ಕ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಓಕೇನ್ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡೋವರ್ ಊರಿನವರು, ಹುಟ್ಟಿದ್ದು 1911ರಲ್ಲಿ. 1934ರಲ್ಲಿ ನೌಕಾ ಅಕಾಡೆಮಿ ಮುಗಿಸಿ ಮೊದಲು ನೀರಿನ ಮೇಲಿನ ಹಡಗುಗಳಲ್ಲಿ ದುಡಿದರು, ಆಮೇಲೆ ಸಬ್‌ಮರೀನ್‌ಗೆ ಬಂದರು. ಕಸುಬು ಕೈಗೆ ಹತ್ತಿದ್ದು ‘ವಾಹೂ’ ಸಬ್‌ಮರೀನ್‌ನಲ್ಲಿ, ಅದರ ಕ್ಯಾಪ್ಟನ್ ಡಡ್ಲಿ ಮಾರ್ಟನ್ ಕೈಕೆಳಗೆ. ದಾಳಿಯ ಹೊತ್ತಿಗೆ ಪೆರಿಸ್ಕೋಪ್ (ನೀರೊಳಗಿಂದಲೇ ಮೇಲಿನದನ್ನು ನೋಡುವ ಕೊಳವೆ) ಹಿಡಿಯುವುದು ಕ್ಯಾಪ್ಟನ್ ಕೆಲಸ ಎಂಬುದು ಆಗಿನ ರೂಢಿ. ಮಾರ್ಟನ್ ಅದನ್ನು ಎರಡನೇ ಅಧಿಕಾರಿಯಾಗಿದ್ದ ಓಕೇನ್‌ಗೆ ಬಿಟ್ಟುಕೊಟ್ಟರು. ನೋಡುವುದು ಓಕೇನ್, ತೀರ್ಮಾನ ಮಾಡುವುದು ತಾನು. ಎದುರಿನ ಹಡಗು ಕಣ್ತುಂಬ ಕಾಣುತ್ತಿದ್ದರೆ ತಲೆ ಓಡುವುದು ಕಷ್ಟ ಅಲ್ವಾ? ಪೆರಿಸ್ಕೋಪ್ ಬಿಟ್ಟ ಮಾರ್ಟನ್‌ಗೆ ಪೂರ್ತಿ ಚಿತ್ರ ಗಮನಿಸಲು ಪುರಸೊತ್ತು ಸಿಗುತ್ತಿತ್ತು. ಓಕೇನ್‌ಗಂತೂ ಇಷ್ಟು ಒಳ್ಳೆಯ ಪಾಠ ಬೇರೆಲ್ಲೂ ಸಿಗುತ್ತಿರಲಿಲ್ಲ.

1943ರಲ್ಲಿ ಓಕೇನ್‌ರನ್ನು ಹೊಸ ಸಬ್‌ಮರೀನ್‌ನ ಹೊಣೆಗೆಂದು ಕ್ಯಾಲಿಫೋರ್ನಿಯಾಗೆ ಕಳಿಸಿದರು. ಆ ವರ್ಷ ಅಕ್ಟೋಬರ್ 11ರಂದು ಜಪಾನಿನ ಉತ್ತರದ ಜಲಸಂಧಿಯಲ್ಲಿ ವಾಹೂ ಮುಳುಗಿತು. ಮಾರ್ಟನ್ ಸೇರಿ ಒಬ್ಬರೂ ಉಳಿಯಲಿಲ್ಲ. ನಾಲ್ಕು ದಿನ ಕಳೆದು, ಅಕ್ಟೋಬರ್ 15ಕ್ಕೆ, ಟ್ಯಾಂಗ್ ನೌಕಾಪಡೆಗೆ ಸೇರಿತು. ಓಕೇನ್‌ಗೆ ಆಗ 32 ವರ್ಷ.

ಟ್ಯಾಂಗ್ ಹೋಗಿದ್ದು ಐದೇ ಗಸ್ತಿಗೆ. ಯುದ್ಧ ಮುಗಿದ ಮೇಲೆ ಅಮೆರಿಕ ಅಧಿಕೃತವಾಗಿ ಲೆಕ್ಕ ಹಾಕಿದಾಗ ಅದು ಮುಳುಗಿಸಿದ ಹಡಗು 24. ಮೂರನೇ ಗಸ್ತಿಯೊಂದರಲ್ಲೇ 10. ನನಗೆ ಮಾತ್ರ ಒಂದು ಹಡಗೂ ಸಿಗದ ಎರಡನೇ ಗಸ್ತೇ ಜಾಸ್ತಿ ಇಷ್ಟ. 1944ರ ಏಪ್ರಿಲ್ ಕೊನೆಗೆ ಪೆಸಿಫಿಕ್‌ನಲ್ಲಿ ಜಪಾನ್ ಹಿಡಿತದಲ್ಲಿದ್ದ ಟ್ರುಕ್ ದ್ವೀಪಗಳ ಮೇಲೆ ಅಮೆರಿಕದ ವಿಮಾನಗಳು ದಾಳಿ ಮಾಡುತ್ತಿದ್ದವು. ಸಮುದ್ರಕ್ಕೆ ಬಿದ್ದ ವಿಮಾನದವರನ್ನು ಎತ್ತಿಕೊಳ್ಳುವ ಕೆಲಸ ಟ್ಯಾಂಗ್‌ನದು. ನೀರಿನ ಮೇಲೆ ಇಳಿಯುವ ಒಂದು ಪುಟ್ಟ ವಿಮಾನ ಸಿಕ್ಕವರನ್ನೆಲ್ಲ ಹತ್ತಿಸಿಕೊಂಡಿತು. ಭಾರಕ್ಕೆ ಮೇಲೇಳಲು ಆಗಲಿಲ್ಲ. ರೆಕ್ಕೆಗಳ ಮೇಲೆ ಜನ ಹಿಡಿದುಕೊಂಡು ಕೂತಿದ್ದಂತೆಯೇ ಅಲೆಗಳ ಮೇಲೆ ತೆವಳುತ್ತಾ ಟ್ಯಾಂಗ್ ಬಳಿಗೆ ಬಂತು. ಹಾಗೆ ಹೀಗೆ ಒಟ್ಟು 22 ಜನರನ್ನು ಶತ್ರುವಿನ ದಡದ ಹತ್ತಿರದಿಂದಲೇ ಕರೆತಂದರು.

ಪದಕ ಬಂದಿದ್ದು ಐದನೇ ಗಸ್ತಿನ ಎರಡು ರಾತ್ರಿಗಳಿಗೆ: 1944ರ ಅಕ್ಟೋಬರ್ 23 ಮತ್ತು 24. ಜಾಗ ಫಾರ್ಮೋಸಾ ಜಲಸಂಧಿ, ಈಗಿನ ತೈವಾನ್ ಪಕ್ಕ. ಮೊದಲ ರಾತ್ರಿ ಓಕೇನ್ ಮುಳುಗದೆ, ನೀರಿನ ಮೇಲೆಯೇ, ಕಾವಲಿದ್ದ ಹಡಗುಗಳ ಸಾಲಿನ ನಡುವೆ ನುಗ್ಗಿದರು. ತೈಲ ಸಾಗಿಸುವ ಟ್ಯಾಂಕರ್ ಹಡಗುಗಳು ಹೊತ್ತಿಕೊಂಡವು. ಗುದ್ದಲು ಬಂದ ದೊಡ್ಡ ಸಾಗಣೆ ಹಡಗಿನ ದಾರಿಯಿಂದ ಕೂದಲೆಳೆಯಲ್ಲಿ ಪಾರಾದರು. ಮರುದಿನ ರಾತ್ರಿ ಇನ್ನೊಂದು ಸಾಲಿನ ಮೇಲೆ ಬಿದ್ದರು. ಕೊನೆಗೆ ಒಂದೇ ಟಾರ್ಪಿಡೊ ಉಳಿದಿತ್ತು, 24ನೆಯದು. ಅದೇ ವಾಪಸ್ ಬಂದಿದ್ದು.

ಹಿಂಭಾಗಕ್ಕೆ ಪೆಟ್ಟು ಬಿದ್ದು ಸಬ್‌ಮರೀನ್ 180 ಅಡಿ ತಳಕ್ಕೆ ಕೂತಿತು. ಮೇಲೆ ನಿಂತಿದ್ದ ಓಕೇನ್ ಕಡಲಿಗೆ ಎಸೆಯಲ್ಪಟ್ಟರು. ಒಳಗಿದ್ದವರಲ್ಲಿ ಸುಮಾರು 30 ಜನ ಮುಂದಿನ ಟಾರ್ಪಿಡೊ ಕೋಣೆ ಸೇರಿಕೊಂಡರು. ರಹಸ್ಯ ಕಾಗದಗಳನ್ನು ಸುಟ್ಟ ಹೊಗೆ ಕಟ್ಟಿಕೊಂಡಿತ್ತು, ಮೇಲಿನಿಂದ ಬಾಂಬ್ ಸದ್ದು ಬೇರೆ. ಮುಖಕ್ಕೆ ಉಸಿರಾಟದ ಚೀಲ ಕಟ್ಟಿಕೊಂಡು ಗುಂಪು ಗುಂಪಾಗಿ ಹೊರಬೀಳಲು ಹೆಣಗಿದರು. ಹೊರಬಿದ್ದಿದ್ದು 13 ಜನ, ದಕ್ಕಿದ್ದು ಐವರು. ಹಡಗಿನಲ್ಲಿದ್ದ 87 ಜನರಲ್ಲಿ ಓಕೇನ್ ಸೇರಿ ಉಳಿದವರು 9.

ಅವರನ್ನು ಎತ್ತಿಕೊಂಡ ಜಪಾನಿ ಹಡಗಿನಲ್ಲಿ ಟ್ಯಾಂಗ್ ಮುಳುಗಿಸಿದ್ದ ಹಡಗುಗಳ ಜನರೂ ಇದ್ದರು, ಸುಟ್ಟ ಗಾಯಗಳೊಂದಿಗೆ. ಅವರು ಸರಿಯಾಗಿಯೇ ಹೊಡೆದರು. ಹೊಡೆಯುತ್ತಿರುವವರು ಯಾರೆಂದು ತಿಳಿದ ಮೇಲೆ ಏಟು ತಡೆದುಕೊಳ್ಳುವುದು ಸುಲಭವಾಯಿತು ಎಂದು ಓಕೇನ್ ಆಮೇಲೆ ಹೇಳಿದ್ದಾರೆ. ನನ್ನ ಮಟ್ಟಿಗೆ ಅವರ ದೊಡ್ಡತನಕ್ಕೆ ಪದಕಕ್ಕಿಂತ ಈ ಮಾತೇ ಸಾಕ್ಷಿ. ಯುದ್ಧ ಮುಗಿಯುವವರೆಗೂ ಸೆರೆಯಲ್ಲಿದ್ದರು. 1946ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರೂಮನ್ ಪದಕ ತೊಡಿಸಿದರು. 1957ರಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತಿ, 1994ರಲ್ಲಿ ಸಾವು.

ಪ್ರಶ್ನೆ: ಬಿಟ್ಟ ಟಾರ್ಪಿಡೊ ತಿರುಗಿ ಬರುವುದು ಹೇಗೆ? ತಪ್ಪಿಸಿಕೊಳ್ಳಲು ಆಗಲಿಲ್ಲವೇ?

ಟಾರ್ಪಿಡೊ ನೆಟ್ಟಗೆ ಹೋಗುವಂತೆ ಅದರೊಳಗಿನ ಗೈರೊಸ್ಕೋಪ್ ಚುಕ್ಕಾಣಿಯನ್ನು ತಿದ್ದುತ್ತಿರುತ್ತದೆ. ಇದು ಕೆಟ್ಟರೆ, ಅಥವಾ ಚುಕ್ಕಾಣಿ ಒಂದು ಪಕ್ಕಕ್ಕೆ ಸಿಕ್ಕಿಕೊಂಡರೆ, ಟಾರ್ಪಿಡೊ ಸುತ್ತು ಹೊಡೆದು ಹೊರಟ ಜಾಗಕ್ಕೇ ಬರುತ್ತದೆ. ಟ್ಯಾಂಗ್ ಬಿಟ್ಟಿದ್ದು ಬ್ಯಾಟರಿಯಲ್ಲಿ ಓಡುವ ‘ಮಾರ್ಕ್ 18’ ಮಾದರಿ. ಅದರ ವೇಗ ಸುಮಾರು 29 ನಾಟ್, ಅಂದರೆ ಗಂಟೆಗೆ 54 ಕಿ.ಮೀ. ಸಬ್‌ಮರೀನ್ ನೀರಿನ ಮೇಲೆ ಎಷ್ಟೇ ಓಡಿದರೂ 20 ನಾಟ್ ಆಸುಪಾಸು. ಓಕೇನ್ ಪೂರ್ತಿ ವೇಗ ಕೊಡಿಸಿ ಹಡಗನ್ನು ತಿರುಗಿಸಲು ನೋಡಿದರು. ಸಿಕ್ಕಿದ್ದು ಕೆಲವೇ ಸೆಕೆಂಡು.

ಇದೊಂದೇ ಅಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ‘ಟುಲಿಬೀ’ ಸಬ್‌ಮರೀನ್ ಕೂಡ ಹೀಗೇ ಹೋಯಿತು, ಬದುಕಿದವರು ಒಬ್ಬರೇ. ಅದಕ್ಕೂ ಮೊದಲು ಮಾರ್ಕ್ 14 ಟಾರ್ಪಿಡೊಗಳ ಕಾಟ. ಗೊತ್ತು ಮಾಡಿದ್ದಕ್ಕಿಂತ ಆಳದಲ್ಲಿ ಓಡಿ ಹಡಗಿನಡಿ ನುಸುಳುತ್ತಿದ್ದವು, ನೇರ ತಗುಲಿದರೂ ಕೆಲವು ಸಿಡಿಯುತ್ತಿರಲಿಲ್ಲ. ಕಮಾಂಡರ್‌ಗಳು ದೂರಿದರೆ ದಡದಲ್ಲಿದ್ದ ಅಧಿಕಾರಿಗಳು ಗುರಿ ಸರಿಯಿಲ್ಲ ಎಂದು ಅವರನ್ನೇ ಬೈಯುತ್ತಿದ್ದರು. ಸರಿಪಡಿಸುವಷ್ಟರಲ್ಲಿ 1943 ಮುಗಿಯುತ್ತಾ ಬಂದಿತ್ತು. ಇದು ಸುಮ್ನೆ ದುರದೃಷ್ಟ ಎಂದು ನಾನು ಒಪ್ಪುವುದಿಲ್ಲ. ಆ ಯುದ್ಧದಲ್ಲಿ ಎಲ್ಲ ಕಾರಣ ಸೇರಿ ಅಮೆರಿಕ ಕಳೆದುಕೊಂಡ ಸಬ್‌ಮರೀನ್ 52.

ಪ್ರಶ್ನೆ: 1971ರಲ್ಲಿ ವಿಶಾಖಪಟ್ಟಣದ ಬಳಿ ಮುಳುಗಿದ ಪಾಕಿಸ್ತಾನದ ‘ಘಾಜಿ’ ಸಬ್‌ಮರೀನ್ ಕೂಡ ಅಮೆರಿಕದ್ದೇ ಅಂತೆ, ಹೌದೇ?

ಹೌದು. ಅದರ ಹಳೆಯ ಹೆಸರು ‘ಡಯಾಬ್ಲೊ’, 1945ರಲ್ಲಿ ಸೇವೆಗೆ ಸೇರಿ, 1964ರಲ್ಲಿ ಪಾಕಿಸ್ತಾನಕ್ಕೆ ಹೋಯಿತು. ಟ್ಯಾಂಗ್‌ನ ನಂತರದ ಮಾದರಿ, ಗಾತ್ರ ಹೆಚ್ಚುಕಮ್ಮಿ ಅಷ್ಟೇ. ಸಬ್‌ಮರೀನ್ ಒಳಗೆ ಓಡಾಡಿ ನೋಡುವ ಆಸೆಯಿದ್ದರೆ ವಿಶಾಖಪಟ್ಟಣದ ಬೀಚ್‌ನಲ್ಲಿ ನಮ್ಮ ‘ಕುರ್ಸುರಾ’ ಮ್ಯೂಸಿಯಂ ಆಗಿ ನಿಂತಿದೆ. ಸೋವಿಯತ್ ಕಾಲದ್ದು, 1971ರ ಯುದ್ಧ ಕಂಡಿದ್ದು. ಒಳಗೆ ಜಾಗ ಬಹಳ ಇಕ್ಕಟ್ಟು. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಮೊದಲೇ ಹೇಳಿಬಿಡಿ.