ಮೂರನೆಯ ಕಿಟ್ ಕೊಳ್ಳಬೇಡಿ, ಅಡುಗೆ ಸೋಡಾ ತನ್ನಿ

ಪ್ರಶ್ನೆ: ಮನೆಯ ಹವಳದ ತೊಟ್ಟಿಗೆ ಎರಡು ಕಂಪನಿಗಳ ಕೆಎಚ್ (ನೀರಿನ ಕ್ಷಾರೀಯತೆ) ಅಳೆಯುವ ಕಿಟ್ ತಂದಿದ್ದೇನೆ. ಒಂದೇ ನೀರಿಗೆ ಒಂದು 7.4 ತೋರಿಸುತ್ತದೆ, ಇನ್ನೊಂದು 9. ನಂಬಿಕೆಯ ಮೂರನೆಯ ಕಿಟ್ ಯಾವುದು?
– ವಿದ್ಯಾನಗರ, ಹುಬ್ಬಳ್ಳಿ

ಊರಿನ ಹೆಸರು ಬದಲಿಸಿಕೊಂಡು ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಮೂರನೆಯದು 8.2 ತೋರಿಸಿದರೆ ನಾಲ್ಕನೆಯದಕ್ಕೆ ಹೊರಡುತ್ತೀರಾ? ನಿಮಗೆ ಬೇಕಿರುವುದು ಕೆಎಚ್ ಮೊದಲೇ ಗೊತ್ತಿರುವ ನೀರು. ಅದನ್ನು ನೀವೇ ಮಾಡಿಕೊಳ್ಳಬಹುದು.

3 ಗ್ರಾಂ ಅಡುಗೆ ಸೋಡಾವನ್ನು ಆರ್‌ಒ-ಡಿಐ ನೀರಿನಲ್ಲಿ (ಲವಣವನ್ನೆಲ್ಲ ಸೋಸಿ ತೆಗೆದ ನೀರು) ಕರಗಿಸಿ, ಒಟ್ಟು 1 ಲೀಟರ್ ಮಾಡಿ. ಅದರಲ್ಲಿ 100 ಮಿಲಿಲೀಟರ್ ತೆಗೆದು, ಅದೇ ನೀರು ಬೆರೆಸಿ ಮತ್ತೆ 1 ಲೀಟರಿಗೆ ತನ್ನಿ. ಈ ಎರಡನೆಯ ನೀರಿನ ಕೆಎಚ್ 10. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ನಡೆಯುವುದಿಲ್ಲ. ಕುಡಿಯುವ ನೀರಿನ ಯಂತ್ರದ್ದೂ ಬೇಡ. ರುಚಿಗಾಗಿ ಅದರಲ್ಲಿ ಉಳಿಸಿದ ಲವಣ ಲೆಕ್ಕ ಕೆಡಿಸುತ್ತದೆ. ಅಡುಗೆಮನೆಯ ತಕ್ಕಡಿಗೆ 3 ಗ್ರಾಂ ಎಂದರೆ ಬರೀ ಅಂದಾಜು. ನಾನು ಪರಿಚಯದ ಬಂಗಾರದ ಅಂಗಡಿಯಲ್ಲಿ ತೂಗಿಸಿಕೊಂಡು ಬಂದೆ. ಅಂಗಡಿಯವರು ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಈಗ ಎರಡೂ ಕಿಟ್‌ಗಳಲ್ಲಿ ಈ ನೀರನ್ನು ಮೂರು ಮೂರು ಬಾರಿ ಪರೀಕ್ಷಿಸಿ. ಮೂರು ಸಲವೂ 11 ಬಂದರೆ ಕಿಟ್ ಎಸೆಯಬೇಕಿಲ್ಲ. ತೊಟ್ಟಿಯ ಅಂಕಿಯನ್ನು 10ರಿಂದ ಗುಣಿಸಿ 11ರಿಂದ ಭಾಗಿಸಿ, ಅಷ್ಟೇ. ಆದರೆ ಒಮ್ಮೆ 9, ಒಮ್ಮೆ 10.5 ಎಂದು ಕುಣಿದರೆ ಮೊದಲು ನಿಮ್ಮ ಕೈಯನ್ನು ಅನುಮಾನಿಸಿ: ಸಿರಿಂಜ್‌ನಲ್ಲಿ ಗಾಳಿಗುಳ್ಳೆ ಇದೆಯೇ, ಬಾಟಲಿಯನ್ನು ಓರೆ ಹಿಡಿದು ಹನಿ ಹಾಕಿದಿರಾ, ಬಣ್ಣ ತಿರುಗಿದ ಮೇಲೂ ‘ಇನ್ನೊಂದು ಹನಿ’ ಎಂದಿರಾ? ಬಾಟಲಿಯ ಮೇಲಿನ ಅವಧಿಯನ್ನೂ ನೋಡಿ. ನಮ್ಮ ಏಪ್ರಿಲ್, ಮೇ ಸೆಕೆಯಲ್ಲಿ ತೊಟ್ಟಿಯ ದೀಪದ ಪಕ್ಕದಲ್ಲೇ ಕಿಟ್ ಇಡುವವರಿಗೆ ಆ ತಾರೀಖಿನಿಂದ ಯಾವ ಭರವಸೆಯೂ ಇಲ್ಲ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಒಮ್ಮೆ ಹಳೆಯ ಕಿಟ್ ತೋರಿಸಿದ 6 ಅನ್ನು ನಂಬಿ ಒಂದೇ ರಾತ್ರಿ ಕ್ಷಾರದ ದ್ರಾವಣ ಸುರಿದೆ. ನೀರಿನ ಕೆಎಚ್ ಮೊದಲೇ ಸರಿಯಾಗಿತ್ತು. ವಾರದೊಳಗೆ ಕೊಂಬೆ ಹವಳದ ತುದಿಗಳೆಲ್ಲ ಸುಟ್ಟು ಬೆಳ್ಳಗಾದವು. ದಿನಕ್ಕೆ 1 ಡಿಕೆಎಚ್ (ಈ ಕೆಎಚ್ ಅಂಕಿಗಳ ಮಾನ) ಏರಿಸಬಹುದು ಎನ್ನುತ್ತಾರೆ. ಆಮೇಲೆ ನಾನು ಅರ್ಧವನ್ನು ದಾಟಿಲ್ಲ. ಸಹಜ ಸಮುದ್ರದ ನೀರಿನಲ್ಲಿ ಇರುವುದೇ ಸುಮಾರು 7. ನಿಮ್ಮ ತೊಟ್ಟಿಯಲ್ಲಿ 7.4 ಇರಲಿ, 9 ಇರಲಿ, ಅದು ಅಲ್ಲೇ ನಿಂತರೆ ಹವಳ ಬದುಕುತ್ತದೆ. ಸೋಮವಾರ 7, ಗುರುವಾರ 9 ಎಂದು ಕುಣಿಯುತ್ತಿದ್ದರೆ ಸಾಯಬಹುದು. ಆದ್ದರಿಂದ ಒಂದೇ ಕಿಟ್ ಇಟ್ಟುಕೊಂಡು, ದಿನದ ಅದೇ ಹೊತ್ತಿಗೆ ಅಳೆದು ಬರೆದಿಡಿ. ಮೂರನೆಯ ಕಿಟ್‌ನ ದುಡ್ಡಿನಲ್ಲಿ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಸರಿಹೊಂದಿಸಲು 35 ಪಿಪಿಟಿಯ (ಸಾವಿರಕ್ಕೆ 35 ಭಾಗ) ಅಳತೆ ದ್ರಾವಣ ತನ್ನಿ. ಉಪ್ಪಿನಂಶವೇ ತಪ್ಪಿದ್ದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಅಳೆದು ಏನು ಮಾಡುತ್ತೀರಿ?

ಪ್ರಶ್ನೆ: ಒಮ್ಮೆ ಅದ್ದಿದರೆ ಐದು ಅಂಕಿ ಕೊಡುವ ಪಟ್ಟಿಗಳು ಸಾಲವೇ?
– ಗದಗ

ಸಾಲವು. ಅವುಗಳ ಬಣ್ಣದಲ್ಲಿ 7ಕ್ಕೂ 9ಕ್ಕೂ ಅಂತರ ಕಾಣುವುದಿಲ್ಲ.

ಪ್ರಶ್ನೆ: ‘ಹವಳದ ಟಾನಿಕ್’ ಹಾಕಿದರೆ ಪರೀಕ್ಷೆಯೇ ಬೇಡ ಎಂದು ಮಾರುವವರು ಹೇಳಿದರು.
– ರಾಣೆಬೆನ್ನೂರು

ಒಳಗೇನಿದೆ ಎಂದು ಬರೆಯದ ಬಾಟಲಿಯನ್ನು ನಾನು ಚರಂಡಿಗೂ ಸುರಿಯುವುದಿಲ್ಲ. ಅಳೆಯಬೇಡಿ ಎನ್ನುವ ವ್ಯಾಪಾರಿ ಅಳೆದರೆ ಸಿಕ್ಕಿಬೀಳುವವನು.

ಪ್ರಶ್ನೆ: ಕಾರವಾರದ ಕಡೆಯಿಂದ ಜೀವಂತ ಹವಳದ ತುಂಡು ತರಿಸಬಹುದೇ?
– ಹಾವೇರಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಿ. ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ಡಿಜಿಟಲ್ ರಂಜಕ ಮಾಪಕ 20 ತೋರಿಸುತ್ತಿದೆ. ಹವಳ ಸಾಯುತ್ತದೆಯೇ?
– ಧಾರವಾಡ

ಅದು ಪಿಪಿಬಿ (ನೂರು ಕೋಟಿಗೆ ಇಷ್ಟು ಭಾಗ) ಲೆಕ್ಕದ ರಂಜಕ. 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ 0.06 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ). ಏನೂ ಸುರಿಯಬೇಡಿ. ಗಾಜಿನ ಸೀಸೆಯ ಮೇಲಿನ ಬೆರಳಚ್ಚು ಒರೆಸಿ, ನಾಳೆ ಇನ್ನೊಮ್ಮೆ ಅಳೆಯಿರಿ.