‘ಡೇ ಟ್ರಿಪ್ಪರ್’ ರಿಫ್ ಚರಣದ ನಡುವೆ ಅಪಸ್ವರವಾಗುವ ಬಗ್ಗೆ

ಬೀಟಲ್ಸ್ ತಂಡದ ‘ಡೇ ಟ್ರಿಪ್ಪರ್’ (1965) ಹಾಡಿನ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಒಬ್ಬರೇ ನುಡಿಸಿದಾಗ ಸರಿಯಾಗಿದ್ದು, ಸ್ನೇಹಿತರು ತಮ್ಮ ಗಿಟಾರಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸೇರಿಸಿದಾಗ ಚರಣದ ನಡುವೆ ಅಪಸ್ವರವಾಗುತ್ತಿದೆ ಎಂದಿದ್ದೀರಿ. ಕಾರ್ಡ್ ‘ಇ’ಯಿಂದ ‘ಎ’ಗೆ ಹೋದರೂ ನೀವು ರಿಫನ್ನು ಮೊದಲಿನ ಜಾಗದಲ್ಲೇ ಉಳಿಸಿಕೊಂಡಿರುವುದು ಇದಕ್ಕೆ ಕಾರಣವಿರಬೇಕು. ನಿಮ್ಮ ವಾದನವನ್ನು ಕೇಳದೆ ಖಚಿತವಾಗಿ ಹೇಳಲಾರೆನಾದರೂ, ಹಾಗೆ ಉಳಿಸಿಕೊಂಡರೆ ರಿಫ್‌ನಲ್ಲಿರುವ ಜಿ ಶಾರ್ಪ್ ಸ್ವರವು ‘ಎ’ ಕಾರ್ಡಿನ ಮೂಲಸ್ವರಕ್ಕೆ ಅರ್ಧ ಸ್ವರದ ಅಂತರದಲ್ಲಿ ತಾಗಿ ಕರ್ಕಶವಾಗುವುದು ನಿಶ್ಚಿತ.

ಮೊದಲು ಆರನೆಯ, ಅಂದರೆ ಅತಿ ದಪ್ಪದ, ತಂತಿಯನ್ನು ಎಲ್ಲೂ ಒತ್ತದೆ ಮೀಟಿ, ಅದೇ ತಂತಿಯನ್ನು ಮೂರನೆಯ ಮತ್ತು ನಾಲ್ಕನೆಯ ಫ್ರೆಟ್‌ಗಳಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳು) ಒತ್ತಿ ಬಹಳ ನಿಧಾನವಾಗಿ ನುಡಿಸಿ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಇದು ಷಡ್ಜದಿಂದ ಸಾಧಾರಣ ಗಾಂಧಾರವನ್ನು ಮುಟ್ಟಿ, ಕೂಡಲೇ ಅಂತರ ಗಾಂಧಾರಕ್ಕೆ ಏರುವ ನಡೆ. ಈ ರಿಫ್‌ನ ಸೊಗಸೆಲ್ಲ ನನಗೆ ಅಲ್ಲೇ ಕೇಳಿಸುತ್ತದೆ. ಆದ್ದರಿಂದ ಸಾಧಾರಣ ಗಾಂಧಾರದ ಮೇಲೆ ನಿಲ್ಲದೆ ದಾಟಿಬಿಡಿ. ಬಳಿಕ ಬೆರಳುಗಳ ವಿನ್ಯಾಸವನ್ನು ಬದಲಿಸದೆ, ಇಡೀ ರಿಫನ್ನು ಒಂದು ತಂತಿ ಮುಂದಕ್ಕೆ ಸರಿಸಿ ಐದನೆಯ ತಂತಿಯಿಂದ ಆರಂಭಿಸಿದರೆ ‘ಎ’ ರೂಪ ಸಿಗುತ್ತದೆ. ಕೊನೆಗೆ, ಈ ಎರಡು ಜಾಗಗಳ ನಡುವೆ ಮೊದಲ ಮೂರು ಸ್ವರಗಳನ್ನಷ್ಟೇ ಅಭ್ಯಾಸ ಮಾಡಿ, ಕೈ ತಾನಾಗಿ ಸರಿಯತೊಡಗಿದ ಮೇಲೆ ಪೂರ್ತಿ ರಿಫ್ ನುಡಿಸಿ.

ಇದೇ ತಂಡದ ‘ಐ ಫೀಲ್ ಫೈನ್’ (1964) ರಿಫ್ ಕೂಡ, ಅದಕ್ಕೆ ಪ್ರೇರಣೆಯಾದ, ಅಮೆರಿಕದ ಗಿಟಾರ್ ವಾದಕ ಬಾಬಿ ಪಾರ್ಕರ್ ಅವರ 1961ರ ‘ವಾಚ್ ಯುವರ್ ಸ್ಟೆಪ್’ ರಿಫ್ ಕೂಡ ಕಾರ್ಡಿನೊಂದಿಗೇ ಚಲಿಸುತ್ತವೆ.

ಇಷ್ಟಾದರೂ ಅಪಸ್ವರ ಉಳಿದರೆ ಇಬ್ಬರ ಗಿಟಾರುಗಳ ಐದನೆಯ ತಂತಿಗಳ ಶ್ರುತಿಯನ್ನು ಹೋಲಿಸಿ ನೋಡಿ.